ಕಾವಲುಗಾರ ಹೇಳದ ಮಾತು

ಬೆಂಚ್ ಕ್ಲರ್ಕರ ಕಾಲುಚೀಲದಲ್ಲಿ ತೂತು, ತೂತಿನಿಂದ ಹೆಬ್ಬೆರಳು ಹೊರಬಂದು ತನ್ನ ಪಾಡಿಗೆ ತಾನು ಆಡುತ್ತಿದೆ, ಮೇಜಿನ ಮೇಲ್ಗಡೆ ಕರಿ ಕೋಟು, ಗರಿಗರಿ ಕಾಲರು, ಕಾನೂನೇ ಮೈತಳೆದು ಬಂದು ಕೂತಂಥ ಮುಖ, ಕೆಳಗಡೆ ಬಿಚ್ಚಿಟ್ಟ ಶೂ ಮತ್ತು ಈ ಹೆಬ್ಬೆರಳು — ಬೇರೆ ದಿನವಾಗಿದ್ದರೆ ಅವಳು ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು, ಸಂಜೆ ಮನೆಗೆ ಹೋಗಿ ಅಣ್ಣನಿಗೆ ಹೇಳುವಾಗ ಒಂದು ತೂತನ್ನು ಎರಡು ಮಾಡಿ ಹೆಬ್ಬೆರಳಿಗೆ ಒಂದು ಉಂಗುರವನ್ನೂ ತೊಡಿಸುತ್ತಿದ್ದಳು, ಅಣ್ಣ ಬಿದ್ದು ಬಿದ್ದು ನಕ್ಕು, ಶುರುವಾಯ್ತಪ್ಪ ಬಣ್ಣದಂಗಡಿ, ಅನ್ನುತ್ತಿದ್ದ — ಹೌದು, ಅದೇ, ಅದೇ ರೋಗ, ಇಲ್ಲದ ಉಂಗುರ ತೊಡಿಸುವ ರೋಗ, ಮನೆಯಲ್ಲಿ ತೊಡಿಸಿದರೆ ನಗುತ್ತಾರೆ, ಇಲ್ಲಿ ತೊಡಿಸಿದರೆ ಒಬ್ಬ ಮನುಷ್ಯ ಜೈಲಿಗೆ ಹೋಗುತ್ತಾನೆ. ಹೋಗುತ್ತಾನೆ, ಇವತ್ತೇ, ಇನ್ನು ಸ್ವಲ್ಪ ಹೊತ್ತಿನಲ್ಲೇ, ಅವಳ ಕಣ್ಣೆದುರೇ. ತೊಡೆಯ ಮೇಲಿನ ಫೈಲನ್ನು ಮತ್ತೆ ತೆರೆಯುತ್ತಾಳೆ, ಅದೇ ಪುಟ, ಕಾವಲುಗಾರನ ಸಾಕ್ಷ್ಯ, ಈ ಸಲ ಓದಿದರೆ ಆ ವಾಕ್ಯ ಅಲ್ಲಿ ಇದ್ದರೂ ಇರಬಹುದು ಎಂಬ ಹುಚ್ಚು ಆಸೆ, ಕಳೆದ ಬೀಗದ ಕೈಯನ್ನು ಅದೇ ಜೇಬಿನಲ್ಲಿ ಮತ್ತೆ ಮತ್ತೆ ಹುಡುಕುತ್ತೇವಲ್ಲ ಹಾಗೆ — ನಾನು ರಸ್ತೆಯ ಆಚೆ ಬದಿಯ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ, ಮುಸ್ಸಂಜೆಯಾಗಿತ್ತು, ಗೋದಾಮಿನ ಗೇಟಿನ ದೀಪ ಹತ್ತಿತ್ತು, ಒಬ್ಬ ಗೇಟು ದಾಟಿ ಹೊರಗೆ ಬಂದು ಬೀದಿಯ ಕೊನೆಯ ಕಡೆ ನಡೆದುಹೋದ, ಅವನು ಈ ಆರೋಪಿಯೇ, ಸ್ವಲ್ಪ ಹೊತ್ತಿಗೆ ಹೊಗೆ ಕಂಡಿತು, ನಾನು ಓಡಿದೆ. ಅಷ್ಟೇ. ಮುಂದಿನ ಸಾಲಿನಲ್ಲಿ ಅವನು ಓಡುತ್ತಿದ್ದಾನೆ, ಬಕೆಟ್ಟು ನೀರು ಅನ್ನುತ್ತಿದ್ದಾನೆ. ಮುಖ ನೋಡಿದೆಯಾ ಎಂದು ಯಾರೂ ಕೇಳಿಲ್ಲ, ನೋಡಿದೆ ಎಂದು ಅವನೂ ಹೇಳಿಲ್ಲ. ಹಾಗಾದರೆ ಅವನು ಗೇಟಿನ ಬಳಿ ಒಮ್ಮೆ ತಿರುಗಿ ನೋಡಿದ, ದೀಪದ ಬೆಳಕು ಮುಖದ ಮೇಲೆ ಬಿತ್ತು ಎಂಬ ಮಾತು ಎಲ್ಲಿಂದ ಬಂತು? ಅವಳ ಟಿಪ್ಪಣಿಯಿಂದ ಬಂತು. ಟಿಪ್ಪಣಿಗೆ ಎಲ್ಲಿಂದ ಬಂತು? ಬಣ್ಣದಂಗಡಿಯಿಂದ. ಆ ಟಿಪ್ಪಣಿಯಿಂದ ಎದ್ದು ಅದು ಈಗ ತೀರ್ಪಿನೊಳಗೆ ಹೋಗಿ ಕೂತಿದೆ, ತೀರ್ಪು ನ್ಯಾಯಮೂರ್ತಿಗಳ ಕೈಯಲ್ಲಿದೆ, ಎರಡು ತೀರ್ಪುಗಳ ಕೆಳಗೆ, ಮೂರನೆಯದಾಗಿ.

ಇಲ್ಲಿಗೆ ಮನುಷ್ಯರು ಬರಲ್ಲ ಕಣಮ್ಮ, ಕಾಗದ ಬರುತ್ತೆ — ಕೆಲಸಕ್ಕೆ ಸೇರಿದ ದಿನ ನ್ಯಾಯಮೂರ್ತಿಗಳು ಹೇಳಿದ್ದು, ಕೆಳಗಿನ ಕೋರ್ಟಲ್ಲಿ ಸಾಕ್ಷಿ ಅಳ್ತಾನೆ, ಬೆವರ್ತಾನೆ, ಸುಳ್ಳು ಹೇಳೋವಾಗ ಮೂಗು ಉಜ್ಜಿಕೊಳ್ತಾನೆ, ಅದನ್ನೆಲ್ಲ ಅಲ್ಲಿನ ಜಡ್ಜು ನೋಡಿರ್ತಾರೆ, ನಾವು ಮೇಲ್ಮನವಿ ಕೇಳೋರು, ಕಾಗದ ಎಷ್ಟು ಹೇಳುತ್ತೋ ನಮಗೆ ಅಷ್ಟೇ ಗೊತ್ತು, ಅದರ ಮೇಲೆ ಒಂದು ಕೂದಲೆಳೆಯಷ್ಟೂ ಇಲ್ಲ, ತಿಳೀತಾ. ತಿಳೀತು ಸಾರ್ ಅಂದಿದ್ದಳು, ಎಲ್ಲ ತಿಳಿದವಳ ಹಾಗೆ ತಲೆಯಾಡಿಸಿದ್ದಳು. ಲಾ ಕ್ಲರ್ಕ್ ಎಂದರೆ ಇಷ್ಟೇ ಕೆಲಸ, ಕೆಳಗಿನ ಕೋರ್ಟಿನಿಂದ ಬಂದ ಕಟ್ಟುಗಳನ್ನು ಬಿಚ್ಚಿ, ಯಾರು ಏನು ಹೇಳಿದರು ಎಂದು ಸಾರ ತೆಗೆದು, ಟಿಪ್ಪಣಿ ಬರೆದು ಅವರ ಮೇಜಿನ ಮೇಲಿಡುವುದು, ಅವರು ಕೆಂಪು ಪೆನ್ಸಿಲು ಹಿಡಿದು ಒಂದೊಂದು ಸಾಲನ್ನೂ ಮೂಲಕ್ಕೆ ತಾಳೆ ಹಾಕುತ್ತಿದ್ದರು, ಅವಳ ಮೊದಲ ಟಿಪ್ಪಣಿ ವಾಪಸು ಬಂದಾಗ ಕೆಂಪು ಎಷ್ಟಿತ್ತೆಂದರೆ ಅವಳು ಬಾತ್‌ರೂಮಿಗೆ ಹೋಗಿ ಅತ್ತು ಬಂದಿದ್ದಳು. ಆಮೇಲೆ ಕೆಂಪು ಕಡಿಮೆಯಾಯಿತು, ಆಮೇಲೆ ಒಂದು ದಿನ, ನಿನ್ನ ಟಿಪ್ಪಣಿ ಓದಿದರೆ ಎಲ್ಲ ಕಣ್ಣಿಗೆ ಕಟ್ಟೋ ಹಾಗಿರುತ್ತೆ ಕಣಮ್ಮ, ಅಂದರು, ಆ ಮಾತನ್ನು ಅವಳು ಮನೆಗೆ ಹೊತ್ತುಕೊಂಡು ಹೋಗಿ ಅಮ್ಮನಿಗೆ ಹೇಳಿದಳು, ಅಲ್ಲೂ ಬಣ್ಣ ಹಚ್ಚಿ, ನ್ಯಾಯಮೂರ್ತಿಗಳು ಎದ್ದು ನಿಂತು ಹೇಳಿದರು ಅಂತ. ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ ಎಣಿಸಿ ಬಾಳಿದ ಅಮ್ಮ ಕನ್ನಡಕ ಮೇಲೆ ಸರಿಸಿ, ಕೂತು ಹೇಳಿದ್ರೋ ನಿಂತು ಹೇಳಿದ್ರೋ, ಸರಿಯಾಗಿ ಹೇಳು, ಅಂದಿದ್ದಳು. ಕೂತು, ಅಮ್ಮ. ಹಾಗೆ ಹೇಳು ಮತ್ತೆ, ಇದ್ದದ್ದೇ ಚೆನ್ನಾಗಿರೋವಾಗ ಒಗ್ಗರಣೆ ಯಾಕೆ? — ಅದೇ ತಿಂಗಳು ಸಾರ್ ಕಣ್ಣಿನ ಆಪರೇಷನ್ನಿಗೆ ಹೋದರು, ಬಂದ ಮೇಲೂ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ, ಟಿಪ್ಪಣಿಯನ್ನು ದಪ್ಪ ಅಕ್ಷರದಲ್ಲಿ ಹಾಕಿಕೊಡು, ಮೂಲ ನೋಡೋಕೆ ನನ್ನ ಕೈಲಾಗಲ್ಲ, ಸದ್ಯಕ್ಕೆ ನಿನ್ನ ಕಣ್ಣೇ ನನ್ನ ಕಣ್ಣು. ಕೆಂಪು ಪೆನ್ಸಿಲು ಡ್ರಾಯರಿನೊಳಗೆ ಹೋಯಿತು. ಊಟವಾದ ಮೇಲಿನ ಜೊಂಪು ಹಿಡಿಯುವ ಹೊತ್ತಿನಲ್ಲಿ ಅವಳು ಗೋದಾಮಿನ ಬೆಂಕಿಯ ಕಟ್ಟನ್ನು ಬಿಚ್ಚಿದಳು, ಕಾವಲುಗಾರ ಟೀ ಕುಡಿಯುತ್ತಿದ್ದಾನೆ, ಗೇಟಿನ ದೀಪ ಹತ್ತಿದೆ, ಒಬ್ಬ ಹೊರಗೆ ಬರುತ್ತಾನೆ — ಅವಳಿಗೆ ಕಂಡಿತು, ಆಣೆ ಮಾಡಿ ಹೇಳುತ್ತಾಳೆ, ಕಂಡಿತು, ಅವನು ಗೇಟು ದಾಟಿದ, ನಾಲ್ಕು ಹೆಜ್ಜೆ ಹಾಕಿದ, ನಿಂತ, ತಿರುಗಿದ. ಬೆಂಕಿ ಹಚ್ಚಿದವನು ತಿರುಗಿ ನೋಡದೆ ಇರುತ್ತಾನೆಯೇ, ಯಾರಾದರೂ ನೋಡಿಯೇ ನೋಡುತ್ತಾರೆ, ಹಾಲು ಒಲೆಯ ಮೇಲಿಟ್ಟು ಹೊರಟವರೂ ಒಮ್ಮೆ ತಿರುಗಿ ನೋಡುತ್ತಾರೆ. ಬೆರಳುಗಳು ಟೈಪು ಮಾಡಿದವು. ಬರೆದದ್ದು ಗೊತ್ತೇ ಆಗಲಿಲ್ಲ, ಸುಳ್ಳು ಬರೆಯುತ್ತಿದ್ದೇನೆ ಎಂದು ಒಂದು ಕ್ಷಣವಾದರೂ ಅನ್ನಿಸಿದ್ದರೆ ಕೈ ನಿಲ್ಲುತ್ತಿತ್ತು, ಅನ್ನಿಸಲಿಲ್ಲ, ಅದೇ ಈಗ ಭಯ.

ಮೊದಲನೆಯ ತೀರ್ಪು ಓದುತ್ತಿದ್ದಾರೆ, ಇಬ್ಬರು ಅಣ್ಣತಮ್ಮಂದಿರ ನಡುವಿನ ಗೋಡೆಯ ಜಗಳ, ಗೋಡೆ ಯಾರದು, ಗೋಡೆಯ ಮೇಲಿನ ಹಂಚು ಯಾರದು, ಅಣ್ಣ ಒಂದು ಮೂಲೆಯಲ್ಲಿ, ತಮ್ಮ ಒಂದು ಮೂಲೆಯಲ್ಲಿ, ಇಬ್ಬರಿಗೂ ಒಂದೇ ಮೂಗು — ಸಾರ್ ಅವರ ದನಿ ಇವತ್ತು ಗಟ್ಟಿಯಾಗಿದೆ, ಹೊಸ ಕನ್ನಡಕ ಬಂದಿದೆ, ಹಾಳೆಯನ್ನು ತುಸು ದೂರ ಹಿಡಿದು ಓದುತ್ತಾರೆ, ಓದಿ ಮುಗಿಸಿ ಪೆನ್ನಿನ ಮುಚ್ಚಳ ತೆಗೆದು ಅಲ್ಲೇ ಪೀಠದ ಮೇಲೇ ಸಹಿ ಹಾಕುತ್ತಾರೆ, ಅದು ಅವರ ಪದ್ಧತಿ. ಸಹಿ ಬೀಳೋ ತನಕ ಅದು ಬರೀ ಹಾಳೆ, ಬಿದ್ದ ಮೇಲೆ ನಾನೂ ಅದನ್ನ ಮುಟ್ಟೋ ಹಾಗಿಲ್ಲ, ಅನ್ನುತ್ತಿದ್ದರು. ಹಾಗಾದರೆ ಇನ್ನೂ ಹೊತ್ತಿದೆ, ಇದೊಂದು ಮುಗಿಯಬೇಕು, ಆಮೇಲೆ ಪಿಂಚಣಿಯದೊಂದು, ಅದು ಮುಗಿಯಬೇಕು, ಆಮೇಲೆ ಬೆಂಕಿ. ನಿನ್ನೆಯೇ ಯಾಕೆ ಗೊತ್ತಾಗಲಿಲ್ಲ? ಗೊತ್ತಾದದ್ದಾದರೂ ಯಾಕೆ? ಬೆಂಚ್ ಕ್ಲರ್ಕ್ ಬಂದು, ತೀರ್ಪಿನಲ್ಲಿ ಎತ್ತಿ ಹೇಳಿರೋ ಸಾಕ್ಷ್ಯಕ್ಕೆಲ್ಲ ಅಂಚಿನಲ್ಲಿ ಪುಟಸಂಖ್ಯೆ ಹಾಕಿಕೊಡಮ್ಮ, ಸಾಹೇಬರು ಬರೋದರೊಳಗೆ, ಅಂದದ್ದಕ್ಕೆ ಕೂತು ಹುಡುಕಿದಳು, ಆ ಒಂದು ವಾಕ್ಯಕ್ಕೆ ಪುಟ ಸಿಗಲಿಲ್ಲ, ಮುಂದಿನ ಪುಟ, ಹಿಂದಿನ ಪುಟ, ಟೀ ಅಂಗಡಿಯವನ ಸಾಕ್ಷ್ಯ, ಬೆಂಕಿ ಆರಿಸಿದವರ ಸಾಕ್ಷ್ಯ, ಎಲ್ಲೂ ಇಲ್ಲ, ಮತ್ತೆ ಮೊದಲಿನಿಂದ ಹುಡುಕತೊಡಗಿದಾಗ ಸಾಹೇಬರು ಬಂದರೆಂದು ಹೊರಗೆ ಕೂಗಿದರು, ಎಲ್ಲರೂ ಎದ್ದು ನಿಂತರು, ಅವಳೂ ನಿಂತಳು, ಸಾರ್ ಬಂದು ಕೂತರು, ಅವಳ ಕಡೆ ನೋಡಿ ಒಂದು ಸಣ್ಣ ನಗೆ ಬೇರೆ. ಆ ನಗೆ ಎದೆಗೆ ಚುಚ್ಚಿತು. ನಂಬಿದವರ ಕತ್ತು ಕೊಯ್ಯುವುದು ಅಂದರೆ ಇದೇ ಇರಬೇಕು. ಯಾರಿಗೂ ಹೇಳದಿದ್ದರೆ? ಯಾರಿಗೆ ಗೊತ್ತಾಗುತ್ತದೆ? ಆರೋಪಿಯ ಪರ ವಕೀಲರಿಗೆ ಗೊತ್ತಾಗಬೇಕಿತ್ತು, ಅವರು ಅಲ್ಲೇ ಕೂತಿದ್ದಾರೆ, ತೂಕಡಿಸುತ್ತಿದ್ದಾರೆ, ವಾದ ಮಾಡುವಾಗಲೂ ದೂರ ಎಷ್ಟು, ಬೆಳಕು ಎಷ್ಟು ಎಂದು ಅದನ್ನೇ ತಿರುವಿ ಮುರುವಿ ಹೇಳಿದರು, ಮುಖ ನೋಡಿದ ಎಂದು ಸಾಕ್ಷಿ ಹೇಳಿಯೇ ಇಲ್ಲ ಸ್ವಾಮಿ ಎಂಬ ಒಂದು ಮಾತು ಅವರ ಬಾಯಲ್ಲಿ ಬರಲಿಲ್ಲ, ಬಂದಿದ್ದರೆ ಅವತ್ತೇ ಎಲ್ಲ ಬಯಲಾಗುತ್ತಿತ್ತು, ಅವತ್ತೇ ಬಯಲಾಗಿದ್ದರೆ ಎಷ್ಟು ಚೆನ್ನಾಗಿತ್ತು, ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಈಗ ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೂ ಹೋಗಲಿ, ಹೆಸರು ಹೋಗುತ್ತದೆ, ಸಾಕ್ಷ್ಯ ಹುಟ್ಟಿಸಿದವಳು ಎಂದು ಈ ಕಟ್ಟಡದ ಪ್ರತಿ ಮೆಟ್ಟಿಲೂ ಹೇಳುತ್ತದೆ, ಅಂಥವಳಿಗೆ ನಾಳೆ ಯಾರು ವಕಾಲತ್ತು ಕೊಡುತ್ತಾರೆ, ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಸಹಿ ಬಿತ್ತು. ಗೋಡೆ ತಮ್ಮನಿಗೆ ಹೋಯಿತು, ಹಂಚು ಯಾರಿಗೋ ಅವಳಿಗೆ ಕೇಳಿಸಲಿಲ್ಲ.

ಆ ಮನುಷ್ಯ ಇವತ್ತು ಬಂದಿರಲೇಬೇಕು, ಜಾಮೀನಿನ ಮೇಲೆ ಹೊರಗಿದ್ದಾನೆ, ತೀರ್ಪಿನ ದಿನ ಹಾಜರಿರಬೇಕು ಎಂಬುದು ಷರತ್ತು — ಯಾರವನು? ಕಟ್ಟಿನ ತುಂಬ ಅವನೇ ಇದ್ದಾನೆ, ಅವನ ವಯಸ್ಸು, ಅವನು ಬಟ್ಟೆಯ ಗಂಟು ಹೊರುತ್ತಿದ್ದದ್ದು, ಮೇಲ್ವಿಚಾರಕನ ಜೊತೆ ಕೈ ಮಿಲಾಯಿಸಿ ಕೆಲಸ ಕಳೆದುಕೊಂಡದ್ದು, ಅದಾದ ವಾರಕ್ಕೆ ಗೋದಾಮಿಗೆ ಬೆಂಕಿ ಬಿದ್ದದ್ದು, ಆ ಸಂಜೆ ನಾನು ಆ ಬೀದಿಗೇ ಹೋಗಿಲ್ಲ, ತಂಗಿಯ ಮನೆಯಲ್ಲಿ ಕಿಟಕಿ ರಿಪೇರಿ ಮಾಡುತ್ತಿದ್ದೆ ಎಂದದ್ದು, ಹೌದು ಎಂದು ತಂಗಿ ಹೇಳಿದ್ದು, ಒಡಹುಟ್ಟಿದವಳು ಇನ್ನೇನು ಹೇಳುತ್ತಾಳೆ ಎಂದು ಕೆಳಗಿನ ಕೋರ್ಟು ಪಕ್ಕಕ್ಕೆ ಸರಿಸಿದ್ದು, ಏಳು ವರ್ಷ ಹಾಕಿದ್ದು, ಎಲ್ಲ ಬಾಯಿಪಾಠ, ಮುಖ ಒಂದು ಗೊತ್ತಿಲ್ಲ. ಬಾಗಿಲ ಬಳಿ ಒಬ್ಬ ನಿಂತಿದ್ದಾನೆ, ಎತ್ತರ, ಮೊಣಕೈ ತನಕ ತೋಳು ಮಡಿಚಿದ್ದಾನೆ, ಉಗುರು ಕಚ್ಚುತ್ತಿದ್ದಾನೆ, ಪೊಲೀಸಿನವನು ಒಳಗೆ ಬಂದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ — ಅವನೇ. ಅವನೇ ಇರಬೇಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ, ಆ ದವಡೆ ನೋಡು, ಆ ಕಣ್ಣು ನೋಡು, ಒಂದು ಕಡೆ ನಿಲ್ಲುವುದಿಲ್ಲ. ಅವಳ ಎದೆಯ ಭಾರ ತುಸು ಇಳಿಯುತ್ತದೆ. ಎಷ್ಟಾದರೂ ಕಾವಲುಗಾರ ಸುಮ್ಮನೆ ಹೇಳಿಲ್ಲವಲ್ಲ, ದಿನಾ ನೋಡುತ್ತಿದ್ದವನನ್ನು ಗುರುತಿಸಲಾರನೇ, ಮುಖ ನೋಡದೆ ಅವನೇ ಎಂದು ಹೇಳಲು ಹೇಗೆ ಸಾಧ್ಯ, ನೋಡಿರುತ್ತಾನೆ, ಮುಖ ಕಾಣಬೇಕಾದರೆ ಅವನು ತಿರುಗಿರಲೇಬೇಕು, ಅವಳು ಬರೆದದ್ದು ನಡೆದದ್ದೇ ಇರಬೇಕು, ಕೆಳಗಿನ ಕೋರ್ಟಿನವರು ಕೇಳಲು ಮರೆತರು, ಇವಳು ತುಂಬಿದಳು, ಅಷ್ಟೇ, ತೂತಿದ್ದ ಕಡೆ ತೇಪೆ ಹಾಕಿದಳು. ಮತ್ತೆ ಆ ಹೆಂಗಸು ಇದ್ದಾಳಲ್ಲ, ಗೋದಾಮಿನ ಒಳಗೆ ಚಿಂದಿ ಆರಿಸುತ್ತಿದ್ದವಳು, ಎರಡೂ ಅಂಗೈ ಸುಟ್ಟು ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ಹೆಬ್ಬೆಟ್ಟೂ ಒತ್ತಲಾಗದೆ ಸಾಕ್ಷ್ಯದ ಕೆಳಗೆ ಬರೀ ಮಸಿಯ ಕಲೆ ಇದೆ — ಅವಳಿಗೂ ಒಬ್ಬರು ಉತ್ತರ ಹೇಳಬೇಕಲ್ಲ. ದೀಪದ ಕೆಳಗೆ ಅವನು ತಿರುಗುತ್ತಾನೆ, ಈಗ ಅವನಿಗೆ ಬಾಗಿಲ ಬಳಿಯವನ ದವಡೆ, ಬಾಗಿಲ ಬಳಿಯವನ ಕಣ್ಣು, ಎಷ್ಟು ಚೆನ್ನಾಗಿ ಹೊಂದುತ್ತದೆ. ಬೇಡ, ತಿರುಗಬೇಡ, ಅನ್ನುತ್ತಾಳೆ, ತಿರುಗದೆ ಹೋಗು ನೋಡೋಣ, ಅವನನ್ನು ಮತ್ತೆ ಗೇಟಿನ ಒಳಗೆ ಕಳಿಸಿ ಮತ್ತೆ ಹೊರಗೆ ನಡೆಸುತ್ತಾಳೆ, ಮತ್ತೆ ತಿರುಗುತ್ತಾನೆ, ಒಮ್ಮೆ ಕಂಡದ್ದನ್ನು ಕಾಣದ ಹಾಗೆ ಮಾಡಲು ಆಗುವುದಿಲ್ಲ.

ಪಿಂಚಣಿ ಶುರುವಾಯಿತು. ಮುದುಕಿಯೊಬ್ಬಳು ಮುಂದೆ ಬಂದು ಕಿವಿಗೆ ಕೈ ಅಡ್ಡ ಹಿಡಿದು ನಿಂತಿದ್ದಾಳೆ, ಇದು ಚಿಕ್ಕ ತೀರ್ಪು, ಬೇಗ ಮುಗಿಯುತ್ತದೆ, ಚಿಕ್ಕದು ಎಂದು ಅವಳೇ ನಿನ್ನೆ ಖುಷಿಪಟ್ಟಿದ್ದಳು. ಚೀಟಿ ಬರೆದರೆ? ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಸಾರ್ ಓದಿ ಮನಸ್ಸಿನಲ್ಲೇ ತಿಳಿದುಕೊಂಡು ತೀರ್ಪನ್ನು ಪಕ್ಕಕ್ಕಿಟ್ಟುಬಿಡುತ್ತಾರೆ, ಸಂಜೆ ಚೇಂಬರಿಗೆ ಕರೆದು ಬೈಯುತ್ತಾರೆ, ಬೈಯಲಿ. ಬರೆದಳು. ಸಾರ್, ಮೂರನೆಯದರಲ್ಲಿ ತಪ್ಪಿದೆ, ದಯವಿಟ್ಟು ಈಗ ಓದಬೇಡಿ — ಅಯ್ಯೋ, ಸಣ್ಣ ಅಕ್ಷರ, ಅವರಿಗೆ ಕಾಣುವುದಿಲ್ಲ, ಇನ್ನೊಂದು ಹಾಳೆ ಹರಿದು ದಪ್ಪಗೆ ಬರೆದಳು, ಮಡಿಸಿದಳು, ಕುರ್ಚಿಯ ಅಂಚಿಗೆ ಜಾರಿ ಬೆಂಚ್ ಕ್ಲರ್ಕರ ಮೊಣಕೈಗೆ ತಾಗಿಸಿದಳು. ಏನಮ್ಮ? ಇದನ್ನ ಸಾಹೇಬರಿಗೆ ಕೊಡಿ. ಈಗಲಾ? ಈಗಲೇ, ಮೂರನೇದು ಓದೋ ಮೊದಲು. ಅವರು ಚೀಟಿಯನ್ನು ಬಿಡಿಸಲೂ ಇಲ್ಲ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಮೇಜಿನ ಮೇಲಿಟ್ಟು ಅದರ ಮೇಲೆ ಪೇಪರ್‌ವೇಟು ಇಟ್ಟರು, ತುಟಿ ಅಲುಗದ ಹಾಗೆ ಹೇಳಿದರು, ತೀರ್ಪು ಓದ್ತಿರೋವಾಗ ಪೀಠಕ್ಕೆ ಚೀಟಿ ಕೊಡೋದಾ, ನನ್ನ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ, ಏನಿದ್ರೂ ಎದ್ದ ಮೇಲೆ. ಎದ್ದ ಮೇಲೆ ಪ್ರಯೋಜನವಿಲ್ಲ, ಅಣ್ಣಾ, ಸಹಿ ಬೀಳುತ್ತೆ. ಬಿದ್ರೆ ಬೀಳಲಿ, ಸಹಿ ಬೀಳೋದಕ್ಕೇ ಬಂದಿರೋದು. ಅವರ ಹೆಬ್ಬೆರಳು ಒಳಗೆ ಹೋಯಿತು, ಶೂ ಹಾಕಿಕೊಳ್ಳುತ್ತಿದ್ದಾರೆ, ಅಂದರೆ ಫೈಲು ಮೇಲೆ ಕೊಡುವ ಹೊತ್ತಾಯಿತು. ನನಗಾದರೆ ಚೀಟಿಯಲ್ಲಿ ಏನಿದೆ ಎಂದು ನೋಡುವ ತನಕ ನಿದ್ದೆ ಬರುತ್ತಿರಲಿಲ್ಲ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು, ಎಂಥ ಹೊತ್ತಿನಲ್ಲಿ ಎಂಥ ಯೋಚನೆ, ಮನಸ್ಸೆಂಬುದಕ್ಕೆ ನಾಚಿಕೆಯೇ ಇಲ್ಲ. ಮುದುಕಿಗೆ ಪಿಂಚಣಿ ಸಿಕ್ಕಿತು, ಏನಂದ್ರು, ಏನಂದ್ರು, ಎಂದು ಪಕ್ಕದವರನ್ನು ಕೇಳುತ್ತಿದ್ದಾಳೆ, ಸಿಕ್ತಂತೆ ಕಣಜ್ಜಿ ಎಂದು ಯಾರೋ ಕಿರುಚಿದರು, ಕೋರ್ಟಿನಲ್ಲಿ ನಗು, ಸಾರ್ ಕೂಡ ನಕ್ಕರು, ನಗುತ್ತಲೇ ಸಹಿ ಹಾಕಿದರು.

ಬೆಂಕಿಯ ಮೇಲ್ಮನವಿಯ ನಂಬರು ಕೂಗಿದರು. ಅವಳು ಬಾಗಿಲ ಬಳಿಯವನನ್ನೇ ನೋಡುತ್ತಿದ್ದಳು, ಬಾ, ಮುಂದೆ ಬಾ — ಅವನು ಅಲುಗಲಿಲ್ಲ, ಉಗುರು ಕಚ್ಚುತ್ತಲೇ ಇದ್ದ. ಎರಡನೆಯ ಸಾಲಿನಲ್ಲಿ ಒಬ್ಬ ಎದ್ದ. ಕುಳ್ಳ, ಗುಂಡಗಿನ ಮುಖ, ಹಳೇ ಸ್ವೆಟರು, ಕೈಯಲ್ಲಿ ಬಟ್ಟೆಯ ಚೀಲ, ಇಷ್ಟು ಹೊತ್ತೂ ಅಲ್ಲೇ ಕೂತಿದ್ದವನನ್ನು ಅವಳು ಪಿಂಚಣಿ ಮುದುಕಿಯ ಅಳಿಯ ಇರಬೇಕು ಅಂದುಕೊಂಡಿದ್ದಳು, ಚೀಲವನ್ನು ಪಕ್ಕದ ಹೆಂಗಸಿನ ಕೈಗೆ ಕೊಟ್ಟು ಸಾಲಿನಲ್ಲಿ ಕೂತವರ ಕಾಲು ದಾಟುತ್ತ, ತಪ್ಪಾಯ್ತು, ತಪ್ಪಾಯ್ತು, ಅನ್ನುತ್ತ ಮುಂದೆ ಬಂದ. ಹಾಗಾದರೆ ಅವನು? ಬಾಗಿಲ ಬಳಿಯವನು? ಯಾವುದೋ ವಕೀಲರು ಹೊರಗಿನಿಂದ ಕೈ ಮಾಡಿ ಕರೆದರು, ಅವನು ಫೈಲು ಹಿಡಿದುಕೊಂಡು ಓಡಿದ, ವಕೀಲರ ಗುಮಾಸ್ತ, ಎಲ್ಲಿ ಬೈಗುಳ ತಿನ್ನಬೇಕೋ ಎಂಬ ಭಯಕ್ಕೆ ಉಗುರು ಕಚ್ಚುತ್ತಿದ್ದ. ಇಷ್ಟು ಹತ್ತಿರದಿಂದ, ಇಷ್ಟು ಬೆಳಕಿನಲ್ಲಿ, ಇಷ್ಟು ಹೊತ್ತು ಕಣ್ಣು ಕೀಲಿಸಿ ನೋಡಿ, ಅವನೇ ಅಂದಳಲ್ಲ, ಅವನ ದವಡೆಯಲ್ಲಿ ಬೆಂಕಿಯನ್ನೇ ಕಂಡಳಲ್ಲ, ಕೇಳಿದ್ದರೆ ಪ್ರಮಾಣ ಮಾಡಿ ಹೇಳುತ್ತಿದ್ದಳಲ್ಲ. ಕಾವಲುಗಾರ ನೋಡಿದ್ದು ಒಂದು ಬೆನ್ನು. ರಸ್ತೆಯ ಆಚೆಯಿಂದ, ಮುಸ್ಸಂಜೆಯಲ್ಲಿ, ಟೀ ಕುಡಿಯುತ್ತ, ಯಾರ ಬೆನ್ನೋ. ಸಾರ್ ಓದತೊಡಗಿದ್ದಾರೆ, ಗೋದಾಮು, ಜಗಳ, ಕೆಲಸದಿಂದ ತೆಗೆದದ್ದು, ಅವಳ ಟಿಪ್ಪಣಿಯ ಸಾಲುಗಳು ಅವರ ದನಿಯಲ್ಲಿ ಬಂದಾಗ ಎಷ್ಟು ಘನವಾಗಿ ಕೇಳಿಸುತ್ತವೆ, ಯಾರಿಗೆ ತಾನೇ ಅನುಮಾನ ಬಂದೀತು, ಅವಳಿಗೇ ಬರುತ್ತಿಲ್ಲ — ಸ್ವೆಟರಿನವನು ಕೈ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿದ್ದಾನೆ, ಹಿಂದೆ ಆ ಹೆಂಗಸು ಚೀಲವನ್ನು ಮಗುವಿನ ಹಾಗೆ ಅವುಚಿಕೊಂಡಿದ್ದಾಳೆ, ಚೀಲದಲ್ಲಿ ಬಟ್ಟೆ ಇರಬೇಕು, ಟವೆಲು, ಸೋಪು, ಇಲ್ಲಿಂದಲೇ ಕರೆದೊಯ್ದರೆ ಬೇಕಾಗುತ್ತದೆ ಎಂದು ಮನೆಯಿಂದಲೇ ಕಟ್ಟಿ ತಂದಿದ್ದಾರೆ. ಕಟ್ಟಿ ತಂದಿದ್ದಾರೆ. ಆರೋಪಿಯ ಪರ ವಕೀಲರು ದೂರ ಹಾಗೂ ಬೆಳಕಿನ ಬಗ್ಗೆ ವಾದಿಸಿದ್ದಾರೆ, ಎನ್ನುತ್ತಿದ್ದಾರೆ ಸಾರ್, ಆ ವಾದದಲ್ಲಿ ಹುರುಳಿರುತ್ತಿತ್ತು, ಆದರೆ ಸಾಕ್ಷಿಯ ಮಾತು ಸ್ಪಷ್ಟವಾಗಿದೆ — ಬಂತು, ಬಂತು, ಆ ಸಾಲು ಬಂತು — ಗೇಟಿನ ಬಳಿ ಆರೋಪಿ ಒಮ್ಮೆ ತಿರುಗಿ ನೋಡಿದ, ದೀಪದ ಬೆಳಕು ಅವನ ಮುಖದ ಮೇಲೆ ಬಿತ್ತು. ಸ್ವೆಟರಿನವನು ತಲೆ ಎತ್ತಿದ. ಏನೋ ಹೇಳಹೊರಟವನ ಹಾಗೆ ಬಾಯಿ ತೆರೆದ, ವಕೀಲರು ಕಣ್ಣಲ್ಲೇ ಗದರಿಸಿದರು, ಮುಚ್ಚಿದ. ಇಂಥ ನೇರ ಸಾಕ್ಷ್ಯವನ್ನು ನಂಬದಿರಲು ಈ ನ್ಯಾಯಾಲಯಕ್ಕೆ ಯಾವ ಕಾರಣವೂ ಕಾಣುವುದಿಲ್ಲ.

ಕೂತು ಹೇಳಿದ್ರೋ ನಿಂತು ಹೇಳಿದ್ರೋ, ಸರಿಯಾಗಿ ಹೇಳು — ಅಮ್ಮನ ದನಿ ಎಲ್ಲಿಂದ ಬಂತೋ, ಅವಳು ನಿಂತಿದ್ದಳು. ಕುರ್ಚಿ ಹಿಂದಕ್ಕೆ ಜಾರಿ ಕಿರ್ ಎಂದಿತು, ಬೆಂಚ್ ಕ್ಲರ್ಕರು ಅವಳ ಕೋಟಿನ ತುದಿ ಹಿಡಿದೆಳೆದರು, ಕೂತ್ಕೊಳಮ್ಮ, ಏಯ್, ಕೂತ್ಕೋ. ಸಾರ್ ಓದುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು, ಮೈ ಹುಷಾರಿಲ್ಲವೇನೋ ಎಂಬ ನೋಟ, ಅಷ್ಟು ಮೃದುವಾಗಿ ನೋಡಬಾರದಿತ್ತು. ಅವಳ ಬಾಯಿಂದ ಬಂದ ದನಿ ಅವಳದಾಗಿರಲಿಲ್ಲ, ತೆಳ್ಳಗೆ, ಶಾಲೆಯಲ್ಲಿ ಪಾಠ ಒಪ್ಪಿಸುವ ದನಿ, ಸಾರ್, ಆ ವಾಕ್ಯ ಸಾಕ್ಷ್ಯದಲ್ಲಿಲ್ಲ. ಯಾವ ವಾಕ್ಯ? ತಿರುಗಿ ನೋಡಿದ ಅನ್ನೋದು, ಬೆಳಕು ಬಿತ್ತು ಅನ್ನೋದು, ಕಾವಲುಗಾರ ಅದನ್ನ ಹೇಳಿಲ್ಲ ಸಾರ್, ನಾನು ಬರೆದದ್ದು. ನೀನು ಅಂದ್ರೆ? ನಾನೇ ಸಾರ್, ಟಿಪ್ಪಣಿ ಮಾಡೋವಾಗ, ನನಗೆ ಹಾಗೆ — ಹಾಗೆ ಕಂಡಿತು, ಎನ್ನಲು ಹೋಗಿ ನಾಚಿಕೆಯಿಂದ ಸತ್ತಳು, ನನ್ನದು ತಪ್ಪಾಯಿತು ಸಾರ್, ಎಂದಳು. ತೂಕಡಿಸುತ್ತಿದ್ದ ವಕೀಲರಿಗೆ ಈಗ ಪೂರ್ತಿ ಎಚ್ಚರ, ಸ್ವಾಮಿ, ಇದನ್ನೇ ನಾನು ಮೊದಲಿನಿಂದ, ಎಂದು ಎದ್ದರು, ಸಾರ್ ಕೈ ಎತ್ತಿ ಅವರನ್ನು ಕೂರಿಸಿದರು. ಮೂಲ ತನ್ನಿ. ಬೆಂಚ್ ಕ್ಲರ್ಕರು ಅವಳ ಕೈಯಿಂದ ಫೈಲನ್ನು ಕಿತ್ತುಕೊಂಡು ಮೇಲೆ ಕೊಟ್ಟರು, ಸಾರ್ ಆ ಪುಟವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ತೆಗೆದರು, ಹಾಕಿಕೊಂಡರು, ಬೆರಳಿಟ್ಟು ಒಂದೊಂದೇ ಸಾಲು ಓದಿದರು, ಎಷ್ಟು ಹೊತ್ತು ಓದಿದರೋ, ಅವರಿಗೆ ಎಷ್ಟು ವಯಸ್ಸಾಗಿದೆ ಎಂಬುದು ಅವಳಿಗೆ ಆಗಲೇ ಕಂಡದ್ದು. ಓದಿ ಮುಗಿಸಿ ಅವಳ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ತೀರ್ಪು ಇವತ್ತು ಇಲ್ಲ, ಮುಂದಿನ ವಾರ ಮತ್ತೆ ವಾದ ಕೇಳ್ತೀನಿ, ಇಷ್ಟೂ ಸಾಕ್ಷ್ಯವನ್ನ ನಾನೇ ಓದ್ತೀನಿ, ಎಂದರು, ಪೆನ್ನಿಗೆ ಮುಚ್ಚಳ ಹಾಕಿ ಎದ್ದರು, ಎಲ್ಲರೂ ಎದ್ದರು.

ಮುಗಿಯಿತು, ಎಲ್ಲ ಮುಗಿಯಿತು, ನಾಳೆಯಿಂದ ಎಲ್ಲಿಗೆ ಹೋಗುವುದು ಗೊತ್ತಿಲ್ಲ, ಅಣ್ಣನಿಗೆ ಹೇಗೆ ಹೇಳುವುದು, ಬಣ್ಣ ಹಚ್ಚದೆ ಹೇಳುವುದು ಹೇಗೆಂದೇ ಅವಳಿಗೆ ಬಾರದು, ಆದರೂ ಎದೆಯೊಳಗೆ ಒಂದು ಕಡೆ ತಣ್ಣಗಾಗಿದೆ, ಒಬ್ಬ ನಿರಪರಾಧಿಯನ್ನು ಒಂದು ಸಾಲಿಗೆ ಕಟ್ಟಿ ಜೈಲಿಗೆ ತಳ್ಳಲಿಲ್ಲವಲ್ಲ, ಅಷ್ಟಾದರೂ ಆಯಿತಲ್ಲ, ಅವಳು ಕಾಗದಗಳನ್ನು ಜೋಡಿಸಹೋಗುತ್ತಾಳೆ, ಬೆಂಚ್ ಕ್ಲರ್ಕರು ಪೇಪರ್‌ವೇಟಿನ ಕೆಳಗಿನ ಚೀಟಿಯನ್ನು ಬಿಡಿಸಿ ಓದಿ, ಮಡಿಸಿ, ಅವಳ ಮುಂದೆ ಇಟ್ಟು ಹೋದರು. ಜನ ಕರಗುತ್ತಿದ್ದಾರೆ. ಕಟಕಟೆಯ ಆಚೆ ಯಾರೋ ಬಂದು ನಿಂತರು, ಹಳೇ ಸ್ವೆಟರು. ಹೆಂಗಸು ಹಿಂದೆ ದೂರದಲ್ಲಿ ಚೀಲ ಹಿಡಿದು ಅಳುತ್ತ ನಗುತ್ತ ವಕೀಲರಿಗೆ ಏನೋ ಹೇಳುತ್ತಿದ್ದಾಳೆ, ಇವನು ಒಬ್ಬನೇ ಬಂದಿದ್ದಾನೆ, ಕಣ್ಣು ತುಂಬಿದೆ, ಗುಂಡಗಿನ ಮುಖದ ತುಂಬ ಕೃತಜ್ಞತೆ, ದೇವರನ್ನು ಕಂಡವನ ಹಾಗೆ ಅವಳನ್ನು ನೋಡುತ್ತಿದ್ದಾನೆ, ದನಿ ತಗ್ಗಿಸಿ, ಅವಳಿಗೆ ಮಾತ್ರ ಕೇಳುವ ಹಾಗೆ, ನೀವು ಹೇಳಿದ್ದೇ ನಿಜ ಮೇಡಂ, ಅಂದ. ಇಷ್ಟು ಜನದಲ್ಲಿ ನೀವೊಬ್ಬರೇ ಇದ್ದದ್ದು ಇದ್ದ ಹಾಗೆ ಹೇಳಿದ್ರಿ, ಅವರು ಓದ್ತಾ ಇದ್ದಾಗ ನನಗೆ ತಡೆಯೋಕಾಗಲಿಲ್ಲ, ಎಂಥ ಸುಳ್ಳು ಅದು, ನಾನು ತಿರುಗಿ ನೋಡಲೇ ಇಲ್ಲ ಮೇಡಂ, ಸೀದಾ ಹೋದೆ, ಬೀದಿ ಮುಗಿಯೋ ತನಕ ಒಂದ್ಸಲಾನೂ ತಿರುಗಿ ನೋಡಲಿಲ್ಲ. ಹೇಳಿ ಕಣ್ಣೊರೆಸಿಕೊಂಡು ಹೊರಟ. ಅವಳ ಕೈಯಲ್ಲಿ ಹಾಳೆ ಹಾಗೇ ಇದೆ. ಆ ಬೀದಿಗೇ ಹೋಗಿಲ್ಲ ಅಂದವನು. ತಂಗಿಯ ಮನೆಯಲ್ಲಿ ಕಿಟಕಿ ರಿಪೇರಿ ಮಾಡುತ್ತಿದ್ದವನು. ಹಾಗಾದರೆ ಯಾವ ಬೀದಿ, ಯಾವ ಗೇಟಿನಿಂದ ಸೀದಾ — ಕೂಗಬೇಕು, ಯಾರನ್ನು ಕೂಗಬೇಕು, ಸಾರ್ ಎದ್ದುಹೋಗಿದ್ದಾರೆ, ಹೇಳಿದರೆ ಯಾರು ನಂಬುತ್ತಾರೆ, ಇಲ್ಲದ ಮಾತನ್ನು ಸಾಕ್ಷಿಯ ಬಾಯಿಗೆ ಹಾಕಿದೆ ಎಂದು ಈಗಷ್ಟೇ ಎಲ್ಲರೆದುರು ಒಪ್ಪಿಕೊಂಡವಳು, ಇದೂ ಅವಳಿಗೆ ಹಾಗೆ ಕೇಳಿಸಿರಬಹುದು ಅನ್ನುತ್ತಾರೆ, ಸಾಕ್ಷ್ಯವಿಲ್ಲ, ಕಾಗದ ಹೇಳುವುದಿಲ್ಲ, ಕಾಗದ ಹೇಳದಿದ್ದರೆ ಬಿಡಬೇಕು, ಅದು ಸರಿ, ಅದು ಸರಿಯೇ, ಅವಳು ಮಾಡಿದ್ದು ಸರಿಯೇ, ಅಂಟಿಕೊಂಡ ಬೆರಳುಗಳು, ಮಸಿಯ ಕಲೆ, ಸರಿಯೇ — ದೀಪ ಹತ್ತಿದ ಗೇಟು, ಅವನು ಹೊರಗೆ ಬರುತ್ತಾನೆ, ಕುಳ್ಳಗೆ, ಹಳೇ ಸ್ವೆಟರಿನಲ್ಲಿ, ನಾಲ್ಕು ಹೆಜ್ಜೆ ಹಾಕುತ್ತಾನೆ, ತಿರುಗು, ಒಮ್ಮೆ ತಿರುಗು, ಇನ್ನೂ ನಾಲ್ಕು ಹೆಜ್ಜೆ, ಬೆನ್ನು, ಅವನು ತಿರುಗುವುದಿಲ್ಲ, ದೀಪ, ಬೆನ್ನು, ತಿರುಗುವುದಿಲ್ಲ, ಬೆನ್ನು